ಪೀಣ್ಯದ ಪಾಳಿ, ವೈಟ್‌ಫೀಲ್ಡ್‌ನ ವೀಸಾ

ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೊಠಡಿ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆ ವಿಧಿಸಿತ್ತು. ಆರು ತುಂಬಿದ ಮಗು ಶಾಲೆಗೆ ಹೋಗುತ್ತದೆ ಎಂಬ ನಂಬಿಕೆ ಅದರ ಹಿಂದಿತ್ತು. ಏಳಾದರೂ ಮಾತು ಬಾರದ, ತಾನೇ ಉಣ್ಣಲಾರದ, ಬಾಗಿಲು ತೆರೆದರೆ ರಸ್ತೆಗೆ ಓಡುವ ಮಗುವನ್ನು ಪೀಣ್ಯದ ಗಾರ್ಮೆಂಟ್ಸ್ ತಾಯಿ ಎಲ್ಲಿ ಬಿಟ್ಟು ಪಾಳಿಗೆ ಹೋಗಬೇಕು? ಈ ಉಪನ್ಯಾಸ ಹಿಡಿದು ಹೊರಟಿರುವುದು ಆ ಪ್ರಶ್ನೆಯನ್ನು.

ಬೆಂಗಳೂರಿಗೆ ಜನ ಬರುವುದು ಕೂಲಿಗಾಗಿ ಎಂಬುದು ಅರ್ಧ ಸತ್ಯ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಇರುವ ಮಕ್ಕಳ ಮನೆಯವರನ್ನು ಆಸ್ಪತ್ರೆಯೂ ಕರೆತರುತ್ತದೆ. ಹೊಸೂರು ರಸ್ತೆಯ ನಿಮ್ಹಾನ್ಸ್, ಇಂದಿರಾನಗರದಲ್ಲಿರುವ ಕರ್ನಾಟಕ ಸ್ಪಾಸ್ಟಿಕ್ಸ್ ಸೊಸೈಟಿ, 1959ರಲ್ಲಿ ಹುಟ್ಟಿ ಲಿಂಗರಾಜಪುರದಲ್ಲಿ ನೆಲೆ ನಿಂತ ಎಪಿಡಿ ಸಂಸ್ಥೆಗಳ ಹೆಸರು ದೂರದ ಹಳ್ಳಿಗೂ ಮುಟ್ಟಿದೆ. ಇವೆಲ್ಲ ನಗರದ ನಡುಭಾಗದಲ್ಲಿವೆ, ದುಡಿಮೆ ಇರುವುದು ಅಂಚಿನಲ್ಲಿ. ಥೆರಪಿ ಒಂದು ಸಲ ನುಂಗಿ ಮುಗಿಸುವ ಮಾತ್ರೆಯಲ್ಲ, ವಾರವಾರವೂ ಹೋಗಬೇಕು, ವರ್ಷಗಟ್ಟಲೆ. ಹೋದ ದಿನದ ಕೂಲಿ ಹೋಯಿತು.

ಊರಿನಲ್ಲಿ ಅಜ್ಜಿ, ಸೋದರತ್ತೆ, ಪಕ್ಕದ ಮನೆಯವರು ಹಂಚಿಕೊಂಡಿದ್ದ ಕಾವಲು ಇಲ್ಲಿ ಒಬ್ಬಳ ಹೆಗಲಿಗೆ ಬೀಳುತ್ತದೆ. ಬೀದಿಗೆಲ್ಲ ಗೊತ್ತಿದ್ದ ಮಗು ಹತ್ತಡಿ ಬಾಡಿಗೆ ಕೋಣೆಯಲ್ಲಿ ಯಾರಿಗೂ ಗೊತ್ತಿಲ್ಲದ ಮಗುವಾಗುತ್ತದೆ. ಅಂಗವೈಕಲ್ಯದ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು ದೇಶದಾದ್ಯಂತ ನಡೆಯುತ್ತದೆ. ಆದರೆ ಶಾಲೆಗೆ ಬರಲಾಗದ ಮಗುವಿನ ಮನೆಗೇ ಬಂದು ಕಲಿಸುವ ಗೃಹಾಧಾರಿತ ಶಿಕ್ಷಣದ ಶಿಕ್ಷಕರು ತಾಲ್ಲೂಕಿಗೆ ಸೇರಿದವರು, ಕುಟುಂಬದ ಬೆನ್ನಿಗೆ ಅವರು ಬರಲಾರರು.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಅಪಾರ್ಟ್‌ಮೆಂಟುಗಳಲ್ಲಿ ಲೆಕ್ಕ ಬೇರೆ, ಸಂಕಟ ಅದೇ. ಇಲ್ಲಿ ಪ್ರತಿ ಥೆರಪಿ ತರಗತಿಗೂ ದುಡ್ಡು ಕೊಡುವ ಎಂಜಿನಿಯರ್ ದಂಪತಿಗೆ ಅಮೆರಿಕದ 1975ರ ಕಾನೂನು ಗೊತ್ತು. ಅಂಗವೈಕಲ್ಯವಿರುವ ಮಗುವಿಗೆ ತಕ್ಕ ಶಿಕ್ಷಣವನ್ನು ಅಲ್ಲಿನ ಸರ್ಕಾರಿ ಶಾಲೆ ಉಚಿತವಾಗಿ ಕೊಡಲೇಬೇಕು. ಹೀಗಾಗಿ ಆನ್‌ಸೈಟ್ ಕೆಲಸಕ್ಕೆ ಅಲ್ಲಿಗೆ ಹೋದವರು ಮರಳಲು ಹಿಂಜರಿಯುತ್ತಾರೆ. ಹಾಗೆಂದು ಅಲ್ಲೂ ನೆಮ್ಮದಿಯಿಲ್ಲ. ಗ್ರೀನ್ ಕಾರ್ಡಿನ ಸರದಿ ಬರುವ ಮೊದಲೇ ಮಗುವಿಗೆ 21 ತುಂಬಿದರೆ ತಂದೆತಾಯಿಯ ವೀಸಾದ ಆಸರೆ ಅದಕ್ಕೆ ತಪ್ಪುತ್ತದೆ.

ಆಸ್ಟ್ರೇಲಿಯಾ ಇನ್ನೂ ನೇರವಾಗಿ ಲೆಕ್ಕ ಹಾಕುತ್ತದೆ. ಮಗುವಿನ ಆರೈಕೆಗೆ ಸರ್ಕಾರಕ್ಕೆ ತಗಲುವ ವೆಚ್ಚ ನಿಗದಿತ ಮಿತಿ ಮೀರಿದರೆ, ಹಲವು ಬಗೆಯ ವೀಸಾಗಳಲ್ಲಿ ಇಡೀ ಕುಟುಂಬದ ಅರ್ಜಿಯೇ ಬಿದ್ದುಹೋಗುತ್ತದೆ. 2024ರ ಜುಲೈನಲ್ಲಿ ಆ ಮಿತಿ 86,000 ಆಸ್ಟ್ರೇಲಿಯನ್ ಡಾಲರಿಗೆ ಏರಿತು. ಕೆನಡಾ 2018ರಲ್ಲೇ ವಿಶೇಷ ಶಿಕ್ಷಣದ ವೆಚ್ಚವನ್ನು ಇಂಥ ಲೆಕ್ಕದಿಂದ ಕೈಬಿಟ್ಟಿತ್ತು. ಮಗು ಅದೇ, ಒಂದು ದೇಶಕ್ಕೆ ಹೊರೆ, ಇನ್ನೊಂದಕ್ಕೆ ವಿದ್ಯಾರ್ಥಿ.

ಸೇವೆ ಹುಡುಕಿ ಕುಟುಂಬ ಅಲೆಯುವ ಬದಲು ಸೇವೆಯೇ ಮಕ್ಕಳಿದ್ದಲ್ಲಿಗೆ ಹೋದ ಉದಾಹರಣೆ ಕರ್ನಾಟಕದಲ್ಲೇ ಇದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ, ಜನರ ದೀರ್ಘ ಹೋರಾಟದ ಬಳಿಕ, ಕೊಕ್ಕಡ ಮತ್ತು ಕೊಯಿಲದಲ್ಲಿ ಹಗಲು ಪಾಲನಾ ಕೇಂದ್ರಗಳು ಬಂದವು. ಮಗುವನ್ನು ಅಲ್ಲಿ ಬಿಟ್ಟು ತಾಯಿ ತೋಟಕ್ಕೋ ಬೀಡಿ ಕಟ್ಟಲೋ ಹೋಗಬಹುದು. ಅವು ಪರಿಪೂರ್ಣವಲ್ಲ, ಎಲ್ಲ ಮಕ್ಕಳಿಗೂ ಸಾಲುವುದಿಲ್ಲ. ಆದರೂ ಮಗುವಿಗಾಗಿ ಊರು ಬಿಡಬೇಕಾದ ಒತ್ತಡವನ್ನು ಅಷ್ಟರಮಟ್ಟಿಗೆ ಇಳಿಸುತ್ತವೆ.

ಪೀಣ್ಯಕ್ಕೂ ಬೊಮ್ಮಸಂದ್ರಕ್ಕೂ ಬೇಕಿರುವುದು ಇಂಥದೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಗವೈಕಲ್ಯಗಳ ಪಟ್ಟಿಯನ್ನು ಏಳರಿಂದ 21ಕ್ಕೆ ಹಿಗ್ಗಿಸಿ ಆಟಿಸಂ ಅನ್ನು ಸೇರಿಸಿತು. ಶೇ. 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿರುವ 6ರಿಂದ 18ರ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿತು. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ತೆಗೆದಿಡುತ್ತವೆ. ಆ ಹಕ್ಕು, ಈ ಹಣ ಎರಡೂ ಕೂಡಿದರೆ ಕೈಗಾರಿಕಾ ಪ್ರದೇಶದ ಗೇಟಿನ ಬಳಿಯೇ ಆರು ದಾಟಿದ ಇಂಥ ಮಕ್ಕಳಿಗೆ ಪಾಲನಾ ಕೇಂದ್ರ ನಡೆಸಬಹುದು. ಥೆರಪಿಸ್ಟರು ವಾರಕ್ಕೆರಡು ಬಾರಿ ಅಲ್ಲಿಗೇ ಬರಬಹುದು. ಬೆಳಗಿನ ಪಾಳಿಯ ಸೈರನ್ ಕೂಗುವುದಕ್ಕೆ ಅರ್ಧ ಗಂಟೆ ಮೊದಲು ಅದರ ಬಾಗಿಲು ತೆರೆದಿರಬೇಕು. ಓವರ್‌ಟೈಮ್ ಮುಗಿಸಿ ತಾಯಿ ಬರುವ ತನಕ ಮುಚ್ಚಬಾರದು.