ಮೈದಾನಕ್ಕೆ ಮರಳುವ ದಾರಿ

(ಶತಮಾನೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿ, ವೈದ್ಯರೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)



ಶಾಲೆಗೆ ನೂರು ತುಂಬಿದ ಈ ಸುಸಂದರ್ಭದಲ್ಲಿ ನಾಲ್ಕು ಮಾತುಗಳನ್ನಾಡಲು ನನ್ನನ್ನು ಕರೆದಿರಿ, ಕೃತಜ್ಞನಾಗಿದ್ದೇನೆ. ಗಡಿನಾಡಿನ ಸಂಖದಲ್ಲಿ ಈ ಶಾಲೆ ಕನ್ನಡಕ್ಕೆ ಮಾಡಿದ ಸೇವೆಯನ್ನು ಹಿರಿಯರು ಈಗಾಗಲೇ ಸ್ಮರಿಸಿದ್ದಾರೆ. ನಾನು ಈ ಶಾಲೆಯ ಮೈದಾನವನ್ನು ಕುರಿತು ಮಾತನಾಡಬಯಸುತ್ತೇನೆ.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಬೇರೊಂದು ಊರಿನ ಜಾತ್ರೆಗೆ ಕಬಡ್ಡಿ ನೋಡಲು ಹೋಗಿದ್ದೆ. ಎದುರಾಳಿಗಳ ಅಂಗಳಕ್ಕೆ ಹೋಗಿ ಮರಳಿದ ತರುಣನೊಬ್ಬ, ಯಾರೂ ಮುಟ್ಟದಿದ್ದರೂ, ಕುಸಿದು ಬಿದ್ದ. ಜನ ಓಡಿಬಂದರು. ಒಬ್ಬರು ಮುಖಕ್ಕೆ ನೀರು ಚಿಮುಕಿಸಿದರು. ಒಬ್ಬರು ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದರು. ಒಬ್ಬರು ಟವೆಲಿನಿಂದ ಗಾಳಿ ಬೀಸಿದರು. ಅಂತಃಕರಣಕ್ಕೆ ಅಲ್ಲಿ ಕೊರತೆಯಿರಲಿಲ್ಲ. ಆದರೆ ಎದೆಯನ್ನು ಒತ್ತಬೇಕೆಂಬುದು ನೂರಾರು ಜನರಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ಜೀಪು ಸಿಗುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಏನೂ ಮಾಡದೆ ನಿಂತಿದ್ದವರಲ್ಲಿ ನಾನೂ ಒಬ್ಬ.

ದೊಡ್ಡ ಕ್ರೀಡಾಂಗಣಗಳಲ್ಲಿಯೂ ಹೀಗೆ ಪ್ರಾಣ ಹೋದುದುಂಟು. 2004ರ ಡಿಸೆಂಬರ್ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಫುಟ್‌ಬಾಲ್ ಅಂತಿಮ ಪಂದ್ಯ ನಡೆದಿತ್ತು. ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ಗೋಲು ಹೊಡೆಯುವ ಭರದಲ್ಲಿ ಗೋಲ್‌ಕೀಪರನಿಗೆ ಡಿಕ್ಕಿಯಾಗಿ ಬಿದ್ದವರು ಮತ್ತೆ ಏಳಲಿಲ್ಲ.

ಹೃದಯಾಘಾತ ಬೇರೆ, ಹೃದಯಸ್ತಂಭನ ಬೇರೆ. ಹೃದಯದ ರಕ್ತನಾಳ ಕಟ್ಟಿಕೊಂಡರೆ ಅದು ಆಘಾತ. ಹೃದಯದ ವಿದ್ಯುತ್ ಲಯ ತಪ್ಪಿ, ಅದು ರಕ್ತವನ್ನು ಮುಂದಕ್ಕೆ ತಳ್ಳಲಾರದೆ ಬರಿದೆ ಕಂಪಿಸುತ್ತ ನಿಂತರೆ ಅದು ಸ್ತಂಭನ. ಆಗ ಏನೂ ಮಾಡದೆ ಕಳೆದ ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತದೆ.

ಈಗ ಇನ್ನೊಂದು ಮೈದಾನವನ್ನು ನೋಡೋಣ. 2021ರ ಜೂನ್ 12, ಕೋಪನ್‌ಹೇಗನ್. ಯುರೋಪಿನ ಫುಟ್‌ಬಾಲ್ ಪಂದ್ಯಾವಳಿಯಲ್ಲಿ ಡೆನ್ಮಾರ್ಕಿನ ಕ್ರಿಶ್ಚಿಯನ್ ಎರಿಕ್ಸನ್ ಮೊದಲರ್ಧ ಮುಗಿಯುವ ಮುನ್ನವೇ ನೆಲಕ್ಕುರುಳಿದರು. ನಾಯಕ ಸಿಮೊನ್ ಕೇರ್ ಓಡಿಬಂದರು. ವೈದ್ಯರು ಎದೆಯನ್ನು ಒತ್ತಿದರು, ಎಇಡಿ ಯಂತ್ರದಿಂದ ವಿದ್ಯುತ್ ಆಘಾತ ನೀಡಿದರು. ಸಂಗಡಿಗರು ಸುತ್ತುಗಟ್ಟಿ ನಿಂತು ಗೆಳೆಯನನ್ನು ಕ್ಯಾಮೆರಾಗಳಿಂದ ಮರೆಮಾಡಿದರು. ಎರಿಕ್ಸನ್ ಕಣ್ಣು ತೆರೆದರು. ಮುಂದೆ ಅವರ ದೇಹದೊಳಗೆ ಐಸಿಡಿ ಎಂಬ ಚಿಕ್ಕ ಯಂತ್ರವನ್ನು ಅಳವಡಿಸಲಾಯಿತು. ಲಯ ತಪ್ಪಿದೊಡನೆ ತಾನೇ ಆಘಾತ ಕೊಟ್ಟು ಸರಿಪಡಿಸುವ ಯಂತ್ರವದು. ಇಟಲಿಯ ನಿಯಮದಂತೆ ಅದನ್ನು ಧರಿಸಿದವರು ಅಲ್ಲಿನ ಲೀಗಿನಲ್ಲಿ ಆಡುವಂತಿರಲಿಲ್ಲ; ಇಂಟರ್ ಮಿಲಾನ್ ತಂಡವನ್ನು ಅವರು ಬಿಡಬೇಕಾಯಿತು. 2022ರ ಫೆಬ್ರವರಿ 26ರಂದು ಇಂಗ್ಲೆಂಡಿನ ಬ್ರೆಂಟ್‌ಫರ್ಡ್ ತಂಡದ ಪರವಾಗಿ ಮತ್ತೆ ಮೈದಾನಕ್ಕಿಳಿದರು. ಅದೇ ವರ್ಷ ವಿಶ್ವಕಪ್ಪಿನಲ್ಲಿಯೂ ಆಡಿದರು.

ಬದುಕುಳಿದವರೆಲ್ಲರೂ ಆಟಕ್ಕೆ ಮರಳಲಾಗದು. ಇಂಗ್ಲೆಂಡಿನ ಬೋಲ್ಟನ್ ತಂಡದ ಫ್ಯಾಬ್ರಿಸ್ ಮುಆಂಬಾ 2012ರ ಮಾರ್ಚ್ 17ರಂದು ಆಡುತ್ತಲೇ ಬಿದ್ದರು. ಪ್ರೇಕ್ಷಕರ ನಡುವೆ ಇದ್ದ ಹೃದ್ರೋಗ ತಜ್ಞರೊಬ್ಬರು ಮೈದಾನಕ್ಕೆ ಧಾವಿಸಿದರು. ಹೃದಯ ಮತ್ತೆ ತಾನಾಗಿ ಮಿಡಿಯಲು 78 ನಿಮಿಷ ಹಿಡಿಯಿತು. ಅದೇ ಆಗಸ್ಟಿನಲ್ಲಿ, ಇಪ್ಪತ್ತನಾಲ್ಕರ ಹರೆಯದಲ್ಲಿ, ವೈದ್ಯರ ಸಲಹೆಯಂತೆ ಅವರು ಆಟ ತೊರೆದರು. ಅದನ್ನು ನಾನು ಸೋಲೆಂದು ಎಣಿಸುವುದಿಲ್ಲ.

2005ರಲ್ಲಿ ಅಮೆರಿಕದ ತಜ್ಞರು ಐಸಿಡಿ ಇದ್ದವರಿಗೆ ಹಗುರವಾದ ಆಟಗಳನ್ನುಳಿದು ಎಲ್ಲವನ್ನೂ ನಿಷೇಧಿಸಿದ್ದರು. ಆದರೂ ಆಡುತ್ತಲೇ ಇದ್ದ 372 ಕ್ರೀಡಾಪಟುಗಳ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಕೆಲವರಿಗೆ ಆಟದ ನಡುವೆ ಯಂತ್ರ ಆಘಾತ ಕೊಟ್ಟಿತ್ತು. ಆದರೆ ಆಡುವಾಗ ಒಬ್ಬರೂ ಸತ್ತಿರಲಿಲ್ಲ. ಅಂದಿನಿಂದ ವೈದ್ಯರ ನಿಲುವು ಸಡಿಲಗೊಂಡಿದೆ. ಹಾಗೆಂದು ಆ ಯಂತ್ರ ರಕ್ಷಾಕವಚವಲ್ಲ. ಸ್ತಂಭನದ ಕಾರಣ ತಿಳಿಯಬೇಕು, ಚಿಕಿತ್ಸೆಯಾಗಬೇಕು, ಯಾವ ಆಟ ಎಂಬುದನ್ನು ತೂಗಿ ನೋಡಬೇಕು. ನಮ್ಮ ಕುಸ್ತಿ, ಕಬಡ್ಡಿಗಳಲ್ಲಿ ಎದೆಗೆ ಪೆಟ್ಟು ಬೀಳುವುದು ಸಹಜ. ಯಂತ್ರಕ್ಕೂ ಅದರ ತಂತಿಗಳಿಗೂ ಅದರಿಂದ ಹಾನಿಯಾದೀತು. ಹೃದ್ರೋಗ ತಜ್ಞರು, ಆಟಗಾರ, ಮನೆಯವರು ಕೂಡಿ ಕುಳಿತು ನಿರ್ಧರಿಸಬೇಕಾದ ವಿಷಯವಿದು. ಊರವರ ಚಪ್ಪಾಳೆಯಾಗಲಿ ಹೆದರಿಕೆಯಾಗಲಿ ಅದನ್ನು ನಿರ್ಧರಿಸಬಾರದು.

ಎರಿಕ್ಸನ್ ಆಟಕ್ಕೆ ಮರಳಿದರು. ಮುಆಂಬಾ ಮನೆಗೆ ಮರಳಿದರು. ಇಬ್ಬರ ದಾರಿಯೂ ಆರಂಭವಾದದ್ದು ಅವರು ಬಿದ್ದ ಜಾಗದಲ್ಲಿ, ಮೊದಲ ಕೆಲವು ನಿಮಿಷಗಳಲ್ಲಿ. ಸಂಖದಿಂದ ಮೀರಜ, ಸಾಂಗಲಿ, ವಿಜಯಪುರದ ದೊಡ್ಡ ಆಸ್ಪತ್ರೆಗಳು ಎಷ್ಟು ದೂರವೆಂದು ನಿಮಗೆ ನಾನು ಹೇಳಬೇಕಿಲ್ಲ. ಆ ನಿಮಿಷಗಳಲ್ಲಿ ಅಲ್ಲಿರುವವರು ನಾವೇ.

ಆದುದರಿಂದ ನನ್ನ ವಿನಂತಿ ಇಷ್ಟು. ಓಡುವಾಗ ಮೂರ್ಛೆ ಹೋಗುವ, ಎದೆನೋವೆನ್ನುವ ಮಗುವನ್ನು ಕೈಲಾಗದವನೆಂದು ಹಳಿಯದೆ ವೈದ್ಯರಿಗೆ ತೋರಿಸಿರಿ. ಮನೆತನದಲ್ಲಿ ಚಿಕ್ಕ ವಯಸ್ಸಿನವರು ಹಠಾತ್ತನೆ ತೀರಿಕೊಂಡಿದ್ದರೆ ಪಾಲಕರು ಅದನ್ನು ಶಿಕ್ಷಕರಿಗೆ ತಿಳಿಸಿರಿ. ಬಿದ್ದವನು ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ ಒಬ್ಬರು 108ಕ್ಕೆ ಕರೆ ಮಾಡಲಿ. ಊರು, ಶಾಲೆ, ದಾರಿಯನ್ನು ಮರಾಠಿಯಲ್ಲಿಯೂ ತಡವರಿಸದೆ ಹೇಳಲು ನಮ್ಮ ಮಕ್ಕಳು ಕಲಿತಿರಲಿ. ಇನ್ನೊಬ್ಬರು ಎದೆಯ ನಡುವೆ ಅಂಗೈಯ ಬುಡವನ್ನೂರಿ, ಐದಾರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ, ನೆರವು ಬರುವವರೆಗೆ ಒತ್ತುತ್ತಿರಲಿ. ಹಳೆಯ ವಿದ್ಯಾರ್ಥಿಗಳು ಕೂಡಿ ಶಾಲೆಗೊಂದು ಎಇಡಿ ಯಂತ್ರ ಕೊಡಿಸೋಣ. ಏನು ಮಾಡಬೇಕೆಂಬುದನ್ನು ಅದು ತಾನೇ ಹೇಳಿಕೊಡುತ್ತದೆ.

ಪ್ರತಿ ವರ್ಷ ಕ್ರೀಡಾಕೂಟದ ಮುನ್ನಾದಿನ ಒಂದು ತಾಸು ನನಗೆ ಕೊಡಿರಿ; ಬಂದು ಕಲಿಸುತ್ತೇನೆ. ಅಂದು ಜಾತ್ರೆಯಲ್ಲಿ ಕೈಕಟ್ಟಿ ನಿಂತಿದ್ದ ಹುಡುಗ ತೀರಿಸಬೇಕಾದ ಋಣವಿದು.