ತನ್ನ ತಡೆಯನ್ನು ತಾನೇ ಹುಟ್ಟಿಸುವ ನೋಡಲ್

ಜೀಬ್ರಾ ಮೀನು ನಮ್ಮ ಗಂಗಾ ಬಯಲಿನ ತೊರೆ, ಗದ್ದೆಗಳ ಪುಟ್ಟ ಜೀವಿ. ಅದರ ಭ್ರೂಣ ಗಾಜಿನಷ್ಟು ತಿಳಿ. ಒಂದೇ ದಿನದಲ್ಲಿ ತಲೆ, ಬಾಲ ಮೂಡಿ ಗುಂಡಿಗೆ ಮಿಡಿಯುವುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಾಣಬಹುದು.

ಯಾವ ಕೋಶ ಏನಾಗಬೇಕು? ಭ್ರೂಣದ ಅಂಚಿನಿಂದ ನೋಡಲ್ ಎಂಬ ಪ್ರೋಟೀನು ಹರಡುತ್ತದೆ. ಅದು ಹೆಚ್ಚು ದಕ್ಕಿದ ಕೋಶಗಳು ಕರುಳಿನ ಕಡೆಗೆ, ಕಡಿಮೆ ದಕ್ಕಿದವು ಸ್ನಾಯು, ರಕ್ತದ ಕಡೆಗೆ ಹೊರಳುತ್ತವೆ. ಎಂಥ ಸೋಜಿಗ ನೋಡಿ, ತನ್ನನ್ನು ತಡೆಯುವ ಲೆಫ್ಟಿ ಎಂಬ ಪ್ರೋಟೀನನ್ನೂ ನೋಡಲ್ ತಾನೇ ಹುಟ್ಟಿಸುತ್ತದೆ!

ವಿಜ್ಞಾನಿ ಅಲೆಕ್ಸಾಂಡರ್ ಶಿಯರ್ ಅವರ ತಂಡ ಲೆಫ್ಟಿ ಜೀನುಗಳನ್ನೇ ಕೆಡಿಸಿತು. ನೋಡಲ್ ಮಿತಿಮೀರಿ ಭ್ರೂಣಗಳು ಸತ್ತವು. ಆದರೆ ನೋಡಲ್ ತಗ್ಗಿಸುವ ಔಷಧದ ನೀರಿನಲ್ಲಿಟ್ಟಾಗ ಲೆಫ್ಟಿ ಇಲ್ಲದೆಯೂ ಭ್ರೂಣಗಳು ಸರಿಯಾಗಿಯೇ ಬೆಳೆದವು. 2017ರ ಈ ಫಲಿತಾಂಶ ನನಗಿನ್ನೂ ಬೆರಗು. ನೋಡಲ್ ಪ್ರಮಾಣದ ಏರುಪೇರು ತಾಳುವ ಶಕ್ತಿ ಮಾತ್ರ ಆ ಭ್ರೂಣಗಳಿಗೆ ಕುಂದಿತ್ತು.