ಪ್ರಯೋಜನಕಾರಿ ಜ್ಞಾನ ಮತ್ತು ನಮ್ಮ ಮಕ್ಕಳ ಕಂಪ್ಯೂಟರ್ ಕಲಿಕೆ

(ಯಾದಗಿರಿಯಲ್ಲಿ ನೀಡಿದ ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮತ್ತು ಸಹಾಬಿಗಳ ಮೇಲೆ ಸಲಾತ್ ಮತ್ತು ಸಲಾಮ್ ಇರಲಿ.



ಕಳೆದ ವಾರ ಇಶಾ ನಮಾಝಿನ ನಂತರ ನಮ್ಮ ಜಮಾಅತಿನ ಯುವಕನೊಬ್ಬ ಬಂದು ಪಕ್ಕದಲ್ಲಿ ಕುಳಿತ. ಕನ್ನಡ ಮಾಧ್ಯಮದಲ್ಲಿ ಓದಿ ಪದವಿ ಮುಗಿಸಿದವನು. ತಂದೆ ಬೆಂಗಳೂರಿಗೆ ಗುಳೆ ಹೋಗಿ ಗಾರೆ ಕೆಲಸ ಮಾಡುತ್ತಾರೆ. "ಹಜರತ್, ಜಾವಾ ಕಲಿಯಬೇಕೆಂಬ ಆಸೆ ಇದೆ. ಆದರೆ ಏನೂ ಗೊತ್ತಿಲ್ಲ. ಒಂದು ತರಬೇತಿ ಸಂಸ್ಥೆಯವರು ದೊಡ್ಡ ಮೊತ್ತ ಕೇಳುತ್ತಾರೆ. ಹಣವಿಲ್ಲದಿದ್ದರೆ ಬಡ್ಡಿ ಸಾಲ ಕೊಡಿಸುತ್ತೇವೆ, ಕೆಲಸ ಗ್ಯಾರಂಟಿ ಎನ್ನುತ್ತಾರೆ. ಏನು ಮಾಡಲಿ?" ಎಂದು ಕೇಳಿದ.

ಇದು ಅವನೊಬ್ಬನ ಪ್ರಶ್ನೆಯಲ್ಲ. ಶಹಾಪುರ, ಸುರಪುರದ ಎಷ್ಟೋ ಮನೆಗಳ ಪ್ರಶ್ನೆ. ತಿಳಿಯದಿದ್ದರೆ ತಿಳಿದವರನ್ನು ಕೇಳಿರಿ ಎಂಬುದು ಪವಿತ್ರ ಕುರ್‌ಆನಿನ ಬೋಧನೆ. ಆದ್ದರಿಂದ ನಾನು ರಜೆಗೆ ಊರಿಗೆ ಬಂದಿದ್ದ ನಮ್ಮದೇ ಇಬ್ಬರು ಇಂಜಿನಿಯರ್ ಯುವಕರನ್ನು ಕೇಳಿ ತಿಳಿದುಕೊಂಡೆ. ಅದನ್ನೇ ಇಂದು ನಿಮ್ಮ ಮುಂದಿಡುತ್ತೇನೆ.

ಮೊದಲ ವಹೀ ಆರಂಭವಾದದ್ದೇ ಓದಬೇಕೆಂಬ ಆಜ್ಞೆಯಿಂದ. ಪ್ರವಾದಿ(ಸ)ರು ಮದೀನಕ್ಕೆ ಬಂದಾಗ ಝೈದ್ ಬಿನ್ ಸಾಬಿತ್(ರ) ಚಿಕ್ಕ ಬಾಲಕ. ಯಹೂದಿಗಳ ಲಿಪಿಯನ್ನು ಕಲಿತುಕೋ ಎಂದು ಪ್ರವಾದಿ(ಸ)ರು ಅವರಿಗೆ ಹೇಳಿದರು, ಪತ್ರವ್ಯವಹಾರಕ್ಕೆ ಅದರ ಅಗತ್ಯವಿತ್ತು. ಅವರು ಸುಮಾರು ಅರ್ಧ ತಿಂಗಳಲ್ಲಿ ಕಲಿತರೆಂದು ತಿರ್ಮಿದಿಯಲ್ಲಿ ವರದಿಯಾಗಿದೆ. 'ಅದು ಬೇರೆಯವರ ಭಾಷೆ, ನಮಗೇಕೆ?' ಎಂದು ಅವರು ಹೇಳಲಿಲ್ಲ. 'ನನ್ನಿಂದಾಗದು' ಎಂದೂ ಹೇಳಲಿಲ್ಲ.

ಜಾವಾ ಕೂಡ ಒಂದು ಭಾಷೆಯೇ. ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆ. ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿ ಜೇಮ್ಸ್ ಗೋಸ್ಲಿಂಗ್ ಮತ್ತು ಸಂಗಡಿಗರು ರೂಪಿಸಿದ ಇದು 1995ರಲ್ಲಿ ಹೊರಬಂತು. ಬ್ಯಾಂಕುಗಳ ವ್ಯವಹಾರದಲ್ಲೂ ಮೊಬೈಲಿನ ಅನೇಕ ಆ್ಯಪ್‌ಗಳಲ್ಲೂ ಇದರ ಬಳಕೆಯಿದೆ. ಇಂಗ್ಲಿಷ್ ಬಾರದೆಂದು ಹೆದರುವ ಮಕ್ಕಳು ಒಂದು ಮಾತು ತಿಳಿಯಲಿ: ಈ ಭಾಷೆಗೇ ಮೀಸಲಾದ ಪದಗಳು ಸುಮಾರು ಐವತ್ತು ಮಾತ್ರ. ಜಾವಾಸ್ಕ್ರಿಪ್ಟ್ ಎಂಬುದು ಬೇರೆಯೇ ಭಾಷೆ, ಹೆಸರು ನೋಡಿ ಮೋಸಹೋಗಬೇಡಿ. ಲೆಕ್ಕವನ್ನು ಹಂತಹಂತವಾಗಿ ಬಿಡಿಸುವ ಕ್ರಮಕ್ಕೆ ಇಂದು ಜಗತ್ತೇ 'ಅಲ್ಗಾರಿದಮ್' ಎನ್ನುತ್ತದೆ. ಆ ಪದ ಹುಟ್ಟಿದ್ದು 9ನೇ ಶತಮಾನದ ಬಗ್ದಾದಿನ ವಿದ್ವಾಂಸ ಅಲ್ ಖ್ವಾರಿಝ್ಮಿಯವರ ಹೆಸರಿನಿಂದ. ನಮ್ಮ ಕಲಬುರಗಿ ಸೀಮೆಯಿಂದ ದೂರವಿಲ್ಲದ ಬೀದರಿನಲ್ಲಿ ಮಹಮೂದ್ ಗವಾನರು 1472ರಲ್ಲಿ ಮದ್ರಸ ಕಟ್ಟಿದರು. ಹಿರಿಯರ ಹೆಸರು ಹೇಳಿ ಹೆಮ್ಮೆಪಟ್ಟರೆ ಸಾಲದು, ಅವರ ದಾರಿಯಲ್ಲಿ ನಡೆಯಬೇಕು.

ಎಲ್ಲಿ ಕಲಿಯುವುದು? ಬಡ್ಡಿ ಸಾಲದ ಅಗತ್ಯವೇ ಇಲ್ಲ. ಬಡ್ಡಿಯಿಂದ ಆರಂಭವಾದ ಕಲಿಕೆಯಲ್ಲಿ ಬರಕತ್ ಎಲ್ಲಿಂದ ಬರಬೇಕು? ಜಾವಾ ಬರೆಯಲು ಬೇಕಾದ ತಂತ್ರಾಂಶ ಉಚಿತ. ಮುಂಬೈ ಐಐಟಿಯ 'ಸ್ಪೋಕನ್ ಟ್ಯುಟೋರಿಯಲ್' ಯೋಜನೆಯಲ್ಲಿ ಸುಮಾರು ಹತ್ತು ನಿಮಿಷದ ಚಿಕ್ಕಚಿಕ್ಕ ಪಾಠಗಳಿವೆ, ಜಾವಾ ಪಾಠಗಳು ಕನ್ನಡದಲ್ಲೂ ಸಿಗುತ್ತವೆ. ಕನ್ನಡ ಮಾಧ್ಯಮದವರು ಇಲ್ಲಿಂದ ಆರಂಭಿಸಲಿ. ಸ್ವಲ್ಪ ಇಂಗ್ಲಿಷ್ ಓದಬಲ್ಲವರಿಗೆ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ಉಚಿತ ಕೋರ್ಸ್ ಇದೆ. ಏನೂ ತಿಳಿಯದವರಿಂದಲೇ ಅದು ಶುರುವಾಗುತ್ತದೆ, ನೀವು ಬರೆದ ಅಭ್ಯಾಸವನ್ನು ತಾನೇ ಪರೀಕ್ಷಿಸಿ ಸರಿ ತಪ್ಪು ಹೇಳುತ್ತದೆ. ಖರಗ್‌ಪುರ ಐಐಟಿಯ ಪ್ರೊ. ದೇಬಾಶಿಸ್ ಸಮಂತ ಅವರ 12 ವಾರಗಳ ಪಾಠ ಎನ್‌ಪಿಟಿಇಎಲ್‌ನಲ್ಲಿದೆ. ಕಲಿಯಲು ಶುಲ್ಕವಿಲ್ಲ, ಪ್ರಮಾಣಪತ್ರ ಬೇಕಾದವರು ಮಾತ್ರ ಪರೀಕ್ಷೆಗೆ ಹಣ ಕಟ್ಟಬೇಕು.

ಹಾಗಾದರೆ ಕೊರತೆ ಎಲ್ಲಿದೆ? ಪಾಠಗಳಲ್ಲಿಲ್ಲ, ನಮ್ಮ ಸಬ್ರ್‌ನಲ್ಲಿದೆ. ಇಂದು ಒಂದು ವೀಡಿಯೊ, ನಾಳೆ ಇನ್ನೊಂದು, ನಾಡಿದ್ದು ಮತ್ತೊಬ್ಬರ ಪಾಠ. ಮೂರು ತಿಂಗಳಾದರೂ ಒಂದೂ ಮುಗಿದಿರುವುದಿಲ್ಲ. ಚಿಕ್ಕದಾದರೂ ನಿರಂತರವಾಗಿ ಮಾಡುವ ಕರ್ಮ ಅಲ್ಲಾಹನಿಗೆ ಪ್ರಿಯವೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಒಂದೇ ಪಾಠವನ್ನು ಹಿಡಿಯಿರಿ, ದಿನಕ್ಕೆ ಒಂದು ಗಂಟೆ ಕೊಡಿ, ಅದು ಮುಗಿದ ಮೇಲೆ ಮತ್ತೊಂದು.

ಮಕ್ಕಳಿಗೆ ಕಾಯಿದಾ ಕಲಿಸುವುದನ್ನು ನೆನಪಿಸಿಕೊಳ್ಳಿ. ಉಸ್ತಾದರು ಓದುವುದನ್ನು ಕೇಳಿದ ಮಾತ್ರಕ್ಕೆ ಯಾವ ಮಗುವಿಗೂ ಓದಲು ಬಂದಿಲ್ಲ. ತಾನೇ ಬಾಯಿ ತೆರೆದು ತಪ್ಪಾಗಿ ಓದಬೇಕು, ಉಸ್ತಾದರು ತಿದ್ದಬೇಕು, ಮತ್ತೆ ಓದಬೇಕು. ಇಲ್ಲಿಯೂ ಹಾಗೆಯೇ. ಪಾಠ ನೋಡಿದ ಮೇಲೆ ಅದನ್ನು ಮುಚ್ಚಿಟ್ಟು ನಿಮ್ಮ ಕೈಯಿಂದಲೇ ಬರೆಯಿರಿ. ಒಂದು ಚಿಹ್ನೆ ಬಿಟ್ಟರೂ ಕಂಪ್ಯೂಟರ್ ಒಪ್ಪುವುದಿಲ್ಲ, ಎಷ್ಟನೇ ಸಾಲಿನಲ್ಲಿ ಎಡವಿತೆಂದು ತೋರಿಸುತ್ತದೆ. ಅದು ಅವಮಾನವಲ್ಲ, ಅದೇ ಪಾಠ. ಈಗ ಕೇಳಿದರೆ ಸಾಕು, ಇಡೀ ಪ್ರೋಗ್ರಾಂ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳಿವೆ. ಅರ್ಥವಾಗದ್ದನ್ನು ಕೇಳಿ ತಿಳಿದುಕೊಳ್ಳಿ. ಆದರೆ ಅದು ಬರೆದುದನ್ನು ನನ್ನದೆಂದು ತೋರಿಸುವುದು ಅಮಾನತಿನಲ್ಲಿ ಖಿಯಾನತ್. ಸಂದರ್ಶನದ ಮೇಜಿನ ಮುಂದೆ ಅದು ಬಯಲಾಗುತ್ತದೆ.

ಕಲಿತ ಮಾತ್ರಕ್ಕೆ ಕೆಲಸ ಖಚಿತವೆಂದು ನಾನು ಹೇಳಲಾರೆ. ರಿಝ್ಕ್ ಅಲ್ಲಾಹನ ಕೈಯಲ್ಲಿದೆ, ಪ್ರಯತ್ನ ನಮ್ಮ ಕೈಯಲ್ಲಿದೆ. ಗ್ಯಾರಂಟಿ ಕೊಡುವವರಿಂದ ಎಚ್ಚರವಾಗಿರಿ.

ಜಮಾಅತಿನ ಹಿರಿಯರಿಗೂ ಒಂದು ಮಾತು. ಬದ್ರ್‌ನ ಕೈದಿಗಳಲ್ಲಿ ಅಕ್ಷರ ಬಲ್ಲವರು ಮದೀನದ ಹತ್ತು ಮಕ್ಕಳಿಗೆ ಓದುಬರಹ ಕಲಿಸಿದರೆ ಬಿಡುಗಡೆ ಎಂದು ನಿರ್ಧರಿಸಲಾಗಿತ್ತೆಂದು ಸೀರತ್ ಗ್ರಂಥಗಳು ಹೇಳುತ್ತವೆ. ಕೈದಿಗಳಿಂದಲೂ ಕಲಿಸಿಕೊಂಡ ಸಮುದಾಯ ನಮ್ಮದು. ಇಂದು ನಮ್ಮದೇ ಮಕ್ಕಳು ಇಂಜಿನಿಯರ್ ಆಗಿದ್ದಾರೆ. ಈದಿಗೆ ಊರಿಗೆ ಬಂದಾಗ ಎರಡು ಸಂಜೆ ಕೂತು ಹೇಳಿಕೊಡಲಿ, ಉಳಿದ ದಿನ ಫೋನಿನಲ್ಲಿ ಸಂಶಯ ಬಿಡಿಸಲಿ. ಮನೆಯಲ್ಲಿ ಮೂಲೆಗೆ ಬಿದ್ದ ಹಳೆಯ ಲ್ಯಾಪ್‌ಟಾಪ್ ಇದ್ದರೆ ಮದ್ರಸಕ್ಕೆ ಕೊಡಿ. ಸಮಿತಿಯವರು ಮಗ್ರಿಬ್ ನಂತರ ಒಂದು ಕೋಣೆ ತೆರೆದಿಡಲಿ. ಹಳ್ಳಿಯವರು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದೆಯೇ ಎಂದು ವಿಚಾರಿಸಲಿ. ಹೆಣ್ಣುಮಕ್ಕಳಿಗೂ ಪ್ರತ್ಯೇಕ ಸಮಯ ಇರಲಿ, ಮನೆಯಲ್ಲಿ ಕೂತೇ ಕಲಿಯಬಹುದಾದ ವಿದ್ಯೆಗೆ ಅವರನ್ನು ತಡೆಯಲು ಕಾರಣವೇ ಇಲ್ಲ.

ಆ ಯುವಕನಿಗೆ ನಾನು ಹೇಳಿದ್ದು ಇಷ್ಟೇ: ಸಾಲದ ಕಾಗದಕ್ಕೆ ಸಹಿ ಹಾಕಬೇಡ, ಬಿಸ್ಮಿಲ್ಲಾ ಹೇಳಿ ಮೊದಲ ಪಾಠ ತೆರೆ. ಅವನ ಜೊತೆ ಕೂರುವವರು ಯಾರು ಎಂಬುದನ್ನು ನಾವು ಹೇಳಬೇಕಾಗಿದೆ.

ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಪ್ರಯೋಜನಕಾರಿ ಜ್ಞಾನವನ್ನೂ ಹಲಾಲಾದ ರಿಝ್ಕನ್ನೂ ಕರುಣಿಸಲಿ. ಪ್ರಯೋಜನವಿಲ್ಲದ ಜ್ಞಾನದಿಂದ ನಮ್ಮನ್ನು ಕಾಪಾಡಲಿ. ಆಮೀನ್.